ಅಪ್ಪನ ಲಾರಿ ಅವ್ವನ ಹೆಸರಿಗೆ

ಅಪ್ಪ ತೀರಿಕೊಂಡ ಹನ್ನೊಂದನೇ ದಿನ ಅವರ ಫೋನು ರಿಂಗಾಯಿತು. ಮಹಾಲಿಂಗಪುರದ ಬ್ರೋಕರ್ ಒಬ್ಬರು. "ಅಣ್ಣಾರ, ಬೆಲ್ಲದ ಲೋಡ್ ಐತಿ. ನಾಳೆ ಗಾಡಿ ಹಚ್ತೀರೇನ್ರಿ?" ಅಂದರು. ನನಗೆ ಮಾತೇ ಬರಲಿಲ್ಲ. ಅವ್ವ ಫೋನು ಇಸಿದುಕೊಂಡು "ಅವರು ಇಲ್ರೀ" ಅಂದಳು. "ಹೌದೇನ್ರಿ? ಯಾವ ಲೈನಿಗೆ ಹೋಗ್ಯಾರ? ಯಾವಾಗ ಬರ್ತಾರ?" ಅಂತ ಆ ಕಡೆಯಿಂದ ಕೇಳಿದರು.

ಮೂವತ್ತು ವರ್ಷದಿಂದ ಅವ್ವ ಈ ಪ್ರಶ್ನೆಗೆ ಉತ್ತರ ಹೇಳುತ್ತ ಬಂದವಳು. ಅಂಕೋಲಾಕ್ಕ ಹೋಗ್ಯಾರ, ನಾಳೆ ಸಂಜಿಗೆ ಬರ್ತಾರ. ಸೊಲ್ಲಾಪುರ ದಾಟ್ಯಾರ, ರಾತ್ರಿ ಬರ್ತಾರ. ಅವತ್ತು ಅವಳು ಫೋನು ನನ್ನ ಕೈಗೆ ಕೊಟ್ಟು ಅಡುಗೆ ಮನೆಗೆ ಹೋದಳು. ವಿಷಯ ನಾನೇ ಹೇಳಿದೆ. ಬ್ರೋಕರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹೋದ ತಿಂಗಳ ಬಾಡಿಗಿ ನಾಲ್ಕು ಸಾವಿರ ನಾ ಕೊಡೂದೈತಿ ತಂಗಿ, ಮನಿಗೆ ತಂದು ಕೊಡ್ತೇನಿ" ಅಂದರು. ಮಾರನೇ ದಿನ ಬಸ್ಸು ಹತ್ತಿ ಬಂದು ಕೊಟ್ಟರು. ಅಪ್ಪ ಎಂಥವರು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಯಾರೂ ಕೇಳದೆ ಇದ್ದಾಗಲೂ ಅವರ ಬಾಕಿ ಮನೆಗೆ ಬಂತು.

ಲಾರಿ ನಮ್ಮ ಮನೆ ಎದುರಿನ ಖಾಲಿ ಜಾಗದಲ್ಲೇ ನಿಂತಿತ್ತು. ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಹತ್ತು ಗಾಲಿಯ ಗಾಡಿ, 2012ರಲ್ಲಿ ಸಾಲ ಮಾಡಿ ತಗೊಂಡಿದ್ದು. ಅದಕ್ಕೂ ಮೊದಲು ಹದಿನೆಂಟು ವರ್ಷ ಅಪ್ಪ ಬೇರೆಯವರ ಗಾಡಿ ಓಡಿಸಿದರು. ಅದಕ್ಕೂ ಮೊದಲು ಕ್ಲೀನರ್. ಓದಿದ್ದು ಐದನೇ ಇಯತ್ತೆ. ಮಾವ "ಮಾರಿಬಿಡ್ರಿ, ನಿಂತ ಗಾಡಿ ಮಣ್ಣಾಗ್ತದ" ಅಂದರು. ಅದು ಸುಳ್ಳಲ್ಲ. ಆದರೆ ಮಾರುವುದಾದರೂ, ಇಟ್ಟುಕೊಳ್ಳುವುದಾದರೂ ಮೊದಲು ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ನಮ್ಮಲ್ಲಿ ಒಬ್ಬರ ಹೆಸರಿಗೆ ಬರಬೇಕು. ತಮ್ಮ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ನಾನು ಇಲ್ಲೇ ಒಂದು ಪತ್ತಿನ ಸಹಕಾರಿ ಸಂಘದಲ್ಲಿದ್ದೇನೆ, ಕಾಗದಪತ್ರ ನೋಡುವುದೇ ನನ್ನ ಕೆಲಸ. ಹಾಗಾಗಿ ಇದು ನನ್ನ ಪಾಲಿಗೆ ಬಂತು.

ಮೊದಲ ದಿನವೇ ಎಡವಿದೆ. ಒಬ್ಬ ಏಜೆಂಟರ ಹತ್ತಿರ ಹೋದೆ. ಅವರು ಫಾರಂ 29, ಫಾರಂ 30 ತೆಗೆದು ಟೇಬಲ್ ಮೇಲಿಟ್ಟರು. ಅವು ಗಾಡಿ ಮಾರಿದಾಗ ಬಳಸುವ ಫಾರಂ. ಮಾರುವವರ ಸಹಿ ಬೇಕು. "ಅಪ್ಪಾರು ತೀರಿಕೊಂಡಾರ" ಅಂದೆ. "ಅದಕ್ಕೇನಾತು, ಅವರ ಸಹಿ ನೀವೇ ಮಾಡಿಬಿಡ್ರಿ. ತಾರೀಖು ಹಿಂದಿಂದು ಹಾಕೂಣು. ಲಗೂನ ಮುಗೀತದ" ಅಂದರು.

ಅಪ್ಪನ ಸಹಿ ನನಗೆ ಚೆನ್ನಾಗಿ ಗೊತ್ತು. ಕನ್ನಡದಲ್ಲಿ, ಒಂದೊಂದೇ ಅಕ್ಷರ, ಪೆನ್ನು ಒತ್ತಿ ಬರೆಯುತ್ತಿದ್ದರು. ಬರೆದಾದ ಮೇಲೆ ಒಮ್ಮೆ ಓದಿ ನೋಡಿ, ಕೊನೆಗೊಂದು ಚುಕ್ಕೆ ಇಡುತ್ತಿದ್ದರು. ಚಿಕ್ಕವಳಿದ್ದಾಗ ನನ್ನ ಪ್ರಗತಿ ಪತ್ರಕ್ಕೆ ಆ ಸಹಿ ಬೀಳಲಿ ಅಂತ ಎಷ್ಟು ದಿನ ಕಾದಿದ್ದೇನೆ! ಅವ್ವ ಮಾಡ್ತೇನಿ ಅಂದರೂ ಬೇಡ, ಅಪ್ಪ ಬರಲಿ ಅಂತ ಹಟ ಮಾಡುತ್ತಿದ್ದೆ. ಆ ಸಹಿಯನ್ನು ನಾನು ಕಳ್ಳತನದಿಂದ ಹಾಕುವುದೇ? ಫಾರಂ ಅಲ್ಲೇ ಬಿಟ್ಟು ಎದ್ದು ಬಂದೆ.

ಮರುದಿನ ನೇರವಾಗಿ ಆರ್‌ಟಿಒ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಅಮ್ಮನವರು ನನ್ನನ್ನು ಕೂರಿಸಿ ಹೇಳಿದರು. ನಿಮ್ಮಲ್ಲಿ ಯಾರಿಗಾದರೂ ಬೇಕಾದೀತು ಅಂತ ಬರೆಯುತ್ತೇನೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಿಳಿಸಿದರೆ ತೀರಿಕೊಂಡ ದಿನದಿಂದ ಮೂರು ತಿಂಗಳ ತನಕ ಗಾಡಿಯನ್ನು ವಾರಸುದಾರರು ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಪರ್ಮಿಟ್‌ಗೂ ಇದೇ ಲೆಕ್ಕ: 30 ದಿನ, ಮೂರು ತಿಂಗಳು. ಇನ್ಶೂರೆನ್ಸೂ ಹಾಗೇ, ಮೂರು ತಿಂಗಳು ನಡೆಯುತ್ತದೆ, ಆದರೆ ಅದರೊಳಗೆ ಪಾಲಿಸಿ ಮುಗಿದರೆ ಮುಗಿಯಿತು. ಇದು 1988ರ ಮೋಟಾರು ವಾಹನ ಕಾಯ್ದೆ, 1989ರ ನಿಯಮಗಳಲ್ಲೇ ಇದೆ. ಸತ್ತವರ ಸಹಿ ಯಾರೂ ಹಾಕಬೇಕಾಗಿಲ್ಲ. ದುಃಖದಲ್ಲಿ ಇರುವಾಗ ದಿನ ಎಣಿಸುವುದು ಯಾರಿಗೆ ನೆನಪಿರುತ್ತದೆ? ನಾವು ಹೋಗಿದ್ದು ಹದಿಮೂರನೇ ದಿನ. ಆ ಬ್ರೋಕರ್ ಫೋನು ಮಾಡಿರದಿದ್ದರೆ ತಡವಾಗುತ್ತಿತ್ತು.

ಮರಣ ಪ್ರಮಾಣಪತ್ರ ಬೇಗ ಸಿಕ್ಕಿತು. ಆದರೆ ಅದನ್ನು ಆರ್‌ಸಿ ಪಕ್ಕ ಇಟ್ಟು ನೋಡಿದಾಗ ಎದೆ ಧಸಕ್ ಅಂತು. ಹೆಸರು ಹೊಂದಿಕೆಯಾಗುತ್ತಿರಲಿಲ್ಲ. ಆರ್‌ಸಿಯಲ್ಲಿ ಅಡ್ಡಹೆಸರು ಮೊದಲಿಗಿದೆ. ಆಧಾರ್‌ನಲ್ಲಿ ಅಜ್ಜನ ಹೆಸರು ನಡುವೆ ಬಂದಿದೆ. ಲೈಸೆನ್ಸಿನಲ್ಲಿ ಒಂದು ಅಕ್ಷರ ದೀರ್ಘ. ಮರಣ ಪತ್ರದಲ್ಲಿ ಅಡ್ಡಹೆಸರೇ ಇಲ್ಲ, ಆ ರಾತ್ರಿ ಆಸ್ಪತ್ರೆಯಲ್ಲಿ ಫಾರಂ ತುಂಬಿದ್ದು ನಾನೇ. ನಾಲ್ಕೂ ಹೆಸರಿನವರು ಒಬ್ಬರೇ ವ್ಯಕ್ತಿ ಅಂತ ನೋಟರಿ ಮುಂದೆ ಪ್ರಮಾಣ ಮಾಡಬೇಕಾಯಿತು. ಸಹಿ ಹಾಕುವಾಗ ಅನಿಸಿತು, ಇನ್ನೊಂದು ಹೆಸರು ಬಿಟ್ಟೇ ಹೋಯಿತಲ್ವಾ ಅಂತ. ಅರಬೈಲ್ ಘಾಟಿನ ಕೆಳಗಿನ ಡಾಬಾಗಳಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು 'ರೊಟ್ಟಿ ಅಣ್ಣ' ಅಂತ. ಅವ್ವ ಕಟ್ಟಿ ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ, ಪಕ್ಕದಲ್ಲಿ ಕೂತ ಡ್ರೈವರ್‌ಗಳಿಗೆಲ್ಲ ಹಂಚದೆ ತಿನ್ನುತ್ತಿರಲಿಲ್ಲವಂತೆ. ಮನೆಯಲ್ಲಿ ಲೆಕ್ಕ ಹಾಕಿ ಇಪ್ಪತ್ತು ರೊಟ್ಟಿ ಕಟ್ಟಿದರೆ "ಇನ್ನೊಂದು ಹತ್ತು ಇಡು" ಅನ್ನುತ್ತಿದ್ದುದು ಯಾಕೆ ಅಂತ ಅವ್ವನಿಗೆ ಅವರು ಹೋದ ಮೇಲೆ ಗೊತ್ತಾಯಿತು. ಮಾತಾಡಿಸಲು ಬಂದ ಡ್ರೈವರ್ ಒಬ್ಬರು ಹೇಳಿದರು.

ವಂಶಾವಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆ. ಅಜ್ಜನಿಂದ ಶುರುಮಾಡಿ ಗೆರೆ ಎಳೆದು ಹೆಸರು ಬರೆಯಬೇಕು. ಅಪ್ಪನ ಹೆಸರಿನ ಪಕ್ಕ 'ಮೃತ' ಅಂತ ಬರೆಯಬೇಕು. ಅದನ್ನು ಬರೆಯಲು ನನಗೆ ತುಂಬ ಹೊತ್ತು ಹಿಡಿಯಿತು. ಪಂಚರಾಗಿ ಸಹಿ ಹಾಕಲು ಓಣಿಯ ಹಿರಿಯರು ಬಂದರು. ಅವರೆಲ್ಲ ಹಳೇ ಬಾಗಲಕೋಟೆಯಲ್ಲೂ ನಮ್ಮ ಓಣಿಯವರೇ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಇಲ್ಲಿಗೆ ಬಂದವರು. ಒಬ್ಬ ಕಾಕಾ ಸಹಿ ಹಾಕಿ ಪೆನ್ನು ಕೆಳಗಿಡಲೇ ಇಲ್ಲ. "ನಮ್ಮ ಮನಿ ತೊಲಿ, ಬಾಗಲಾ, ಚೌಕಟ್ಟು ಎಲ್ಲಾ ನಿಮ್ಮಪ್ಪನ ಲಾರಿಯಾಗ ಬಂದೂವು ತಂಗಿ. ಮಾಲಕನ ಗಾಡಿ ಇತ್ತು, ಆದ್ರೂ ಡೀಸೆಲ್ ರೊಕ್ಕ ಬಿಟ್ಟು ಒಂದು ರೂಪಾಯಿ ಮುಟ್ಟಲಿಲ್ಲ. ತನ್ನ ಕೂಲಿ ಬಿಟ್ಟಾ. ಆ ಬಾಗಲಾ ಇನ್ನೂ ಹಂಗೇ ಐತಿ, ಬಾ ತೋರಸ್ತೇನಿ" ಅಂದರು. ಹೋಗಿ ನೋಡಿದೆ. ಹೊಸ ಸಿಮೆಂಟ್ ಗೋಡೆಗೆ ಹಳೆಯ ಸಾಗವಾನಿ ಬಾಗಿಲು. ಕೆಳಗೆ ಒಂದು ಮೂಲೆಯಲ್ಲಿ ಹಗ್ಗ ಬಿಗಿದ ಗುರುತು ಇನ್ನೂ ಇತ್ತು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಸಾಲದ ಕಾಗದ. ಸಾಲ ತೀರಿದ್ದು 2017ರಲ್ಲಿ. ಕಂತು ತಪ್ಪಿದ್ದಿಲ್ಲ. ಆದರೆ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಉಳಿದಿತ್ತು. ಸಾಲ ತೀರಿದೆ, ನಮ್ಮ ಅಭ್ಯಂತರ ಇಲ್ಲ ಅಂತ ಕಂಪನಿ ಕೊಡುವ ಎನ್‌ಒಸಿ ಕಾಗದವನ್ನು ಅಪ್ಪ ತಂದು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಅದನ್ನು ಆರ್‌ಟಿಒಗೆ ಕೊಟ್ಟು ಆರ್‌ಸಿಯಿಂದ ತೆಗೆಸಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಹಳೆಯ ಎನ್‌ಒಸಿ ನಡೆಯುವುದಿಲ್ಲ, ಹೊಸದು ಬೇಕು, ಜೊತೆಗೆ ಫೈನಾನ್ಸ್ ಕಂಪನಿಯವರ ಸಹಿ ಇರುವ ಫಾರಂ 35 ಬೇಕು. ಆ ಕಂಪನಿಯ ಇಲ್ಲಿನ ಶಾಖೆ ಮುಚ್ಚಿ ಹುಬ್ಬಳ್ಳಿಗೆ ಹೋಗಿತ್ತು. ಮೂರು ಸಲ ಹೋದೆ. ಮೊದಲ ಸಲ, "ಸಾಲ ತಗೊಂಡವರೇ ಬರಬೇಕು" ಅಂದರು. ಮರಣ ಪತ್ರ ತೋರಿಸಿದೆ. ಅದನ್ನು ನೋಡಿಯೂ, "ಸರಿ, ಮುಂದಿನ ಸಲ ಬರುವಾಗ ಅವರನ್ನ ಕರ್ಕೊಂಡು ಬನ್ನಿ" ಅಂದರು. ಹುಡುಗನಿಗೆ ಗಮನ ಇರಲಿಲ್ಲ, ಅಷ್ಟೇ. ಆದರೆ ವಾಪಸ್ ಬರುವಾಗ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ತನಕ ಬಸ್ಸಿನ ಕಿಟಕಿಗೆ ತಲೆಯಿಟ್ಟು ಅತ್ತೆ. ಇದೇ ದಾರಿಯಲ್ಲಿ ಅಪ್ಪ ಸಾವಿರ ಸಲ ಹೋಗಿ ಬಂದಿದ್ದಾರೆ. ಎರಡನೇ ಸಲ ಮ್ಯಾನೇಜರ್ ರಜೆ. ಮೂರನೇ ಸಲ ತಮ್ಮನೂ ಬಂದ. ನಾವಿಬ್ಬರೂ ಎದ್ದು ಹೋಗುವುದಿಲ್ಲ ಅಂತ ಕೂತೆವು. ಸಂಜೆ ಐದಕ್ಕೆ ಕಾಗದ ಕೈಗೆ ಬಂತು. ಸಾಲ ತೀರಿದ ದಿನವೇ ಈ ಕೆಲಸ ಮುಗಿಸಿ ಅಂತ ನಮ್ಮ ಸಂಘಕ್ಕೆ ಬರುವ ಎಲ್ಲ ಗಾಡಿಯವರಿಗೆ ಈಗ ನಾನೇ ಹೇಳುತ್ತೇನೆ.

ಚಾಸಿಸ್ ನಂಬರಿನ ಅಚ್ಚು ಬೇಕು ಅಂತ ಆರ್‌ಟಿಒದಲ್ಲಿ ಹೇಳಿದ್ದರು. ಅದಕ್ಕೆ ಅಪ್ಪನ ಹಳೇ ಕ್ಲೀನರ್ ಬಂದ. ಈಗ ಅವನೇ ಡ್ರೈವರ್, ಬೇರೆಯವರ ಗಾಡಿ ಓಡಿಸುತ್ತಾನೆ. ಹದಿನೆಂಟು ವರ್ಷದವನಿದ್ದಾಗ ಅಪ್ಪನ ಕೈಕೆಳಗೆ ಬಂದವನು. ಅವ್ವನಿಗೆ ಅವ್ವಾರ ಅನ್ನುತ್ತಾನೆ, ನನಗೆ ಅಕ್ಕಾರ.

ಬಲಗಡೆ ಮುಂದಿನ ಗಾಲಿಯ ಹಿಂದೆ ಬಗ್ಗಿ, ಚಾಸಿಸ್ ಪಟ್ಟಿಯ ಮೇಲೆ ಕೈಯಾಡಿಸಿದ. ಕಪ್ಪಗೆ ಗ್ರೀಸ್ ಮೆತ್ತಿತ್ತು. "ಅಣ್ಣಾರು ಪ್ರತಿ ಸಲ ಪಾಸಿಂಗ್ ಆದಮ್ಯಾಲೆ ನಂಬರಿನ ಮ್ಯಾಲೆ ಗ್ರೀಸ್ ಹಚ್ಚತಿದ್ರು. ತುಕ್ಕು ಹಿಡದ್ರ ನಂಬರ್ ಅಳಸ್ತದ, ನಾಳೆ ಯಾರೋ ಕದ್ದ ಗಾಡಿ ಅಂತಾರ, ಅಂತಿದ್ರು" ಅಂದ. ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿದ. ಒಳಗಿನಿಂದ ಅಕ್ಷರಗಳು ಒಂದೊಂದಾಗಿ ಎದ್ದವು. ಒಟ್ಟು 17. ನಾನು ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತೆ. ತೆಳುವಾದ ಕಾಗದ ಇಟ್ಟು ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ತಿಕ್ಕಿದೆ. ಮೊದಲನೇ ಕಾಗದ ಹರಿಯಿತು. ಎರಡನೆಯದಕ್ಕೆ ಗ್ರೀಸ್ ಹತ್ತಿತು. ಮೂರನೆಯದರಲ್ಲಿ ಬಂತು, ಬೂದು ಬಣ್ಣದ ನಡುವೆ ಬೆಳ್ಳಗೆ, ಒಂದೂ ಅಕ್ಷರ ಸವೆದಿರಲಿಲ್ಲ. ಹನ್ನೆರಡು ವರ್ಷ ಸಿಮೆಂಟಿನ ಧೂಳು, ಕರಾವಳಿಯ ಉಪ್ಪುಗಾಳಿ, ಮಳೆ ಎಲ್ಲ ತಿಂದ ಕಬ್ಬಿಣ ಅದು. ನನ್ನ ಬೆರಳಿಗೆಲ್ಲ ಡೀಸೆಲ್ ವಾಸನೆ. ಅಪ್ಪ ಊರಿಂದ ಬಂದು ನನ್ನ ತಲೆ ಸವರಿದಾಗ ಬರುತ್ತಿದ್ದುದು ಇದೇ ವಾಸನೆ. ಅವತ್ತು ರಾತ್ರಿ ಕೈ ತೊಳೆಯಲು ಮನಸ್ಸಾಗಲಿಲ್ಲ.

ಕ್ಯಾಬಿನ್ ಸ್ವಚ್ಛ ಮಾಡುವಾಗ ಸೀಟಿನ ಕೆಳಗಿನ ತಗಡಿನ ಪೆಟ್ಟಿಗೆ ತೆಗೆದೆವು. ಜಾಕು, ಟಾಮಿ, ಪಾನಾಗಳ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟುಬುಕ್ಕುಗಳು. ಏಳು ಇದ್ದವು. ಅಪ್ಪ ಲೆಕ್ಕ ಬರೆಯುತ್ತಿದ್ದುದು ನಮಗೆ ಗೊತ್ತಿತ್ತು. ಡೀಸೆಲ್ಲು, ಬಾಡಿಗೆ, ಹಮಾಲಿ, ಟೋಲು, ಇಷ್ಟೇ ಇರಬಹುದು ಅಂತ ನಾನು ಯಾವತ್ತೂ ಬಿಚ್ಚಿರಲಿಲ್ಲ. ಪ್ರತಿ ಟ್ರಿಪ್ಪಿಗೂ ಮೊದಲ ಸಾಲು ಒಂದೇ. ತಾರೀಖು, ಆಮೇಲೆ 'ಮನಿ ಬಿಟ್ಟೆ'. ಕಿಲೋಮೀಟರ್ ಎಷ್ಟು ಅಂತ ಪಕ್ಕದಲ್ಲಿ. ಲೆಕ್ಕವೆಲ್ಲ ಮುಗಿದ ಮೇಲೆ ಕೊನೆಯ ಸಾಲು, ಮತ್ತೆ ತಾರೀಖು, 'ಮನಿ ಮುಟ್ಟಿದೆ'. ಅದರ ಕೆಳಗೆ ಅಡ್ಡಗೆರೆ. ಆ ಗೆರೆ ಎಳೆಯದೆ ಹೊಸ ಟ್ರಿಪ್ ಬರೆದದ್ದು ಏಳು ಬುಕ್ಕಿನಲ್ಲಿ ಒಂದು ಕಡೆಯೂ ಇಲ್ಲ.

ಆ ವಾರ ರಾತ್ರಿಯೆಲ್ಲ ಅವನ್ನೇ ಓದಿದೆ. 2014ರ ಮಾರ್ಚ್ ತಿಂಗಳಿಗೆ ಬಂದಾಗ ನಿಂತೆ. ಹದಿನೈದು ದಿನ ಟ್ರಿಪ್ಪೇ ಇಲ್ಲ. ಒಂದೇ ಸಾಲು: 'ಮಗಳ ಪಿಯುಸಿ ಪರೀಕ್ಷೆ. ಗಾಡಿ ಹಚ್ಚಿಲ್ಲ.' ನನಗೆ ಆ ದಿನಗಳು ಚೆನ್ನಾಗಿ ನೆನಪಿವೆ. ದಿನಾ ಬೆಳಗ್ಗೆ ಸೈಕಲ್ ಮೋಟಾರಿನ ಮೇಲೆ ಪರೀಕ್ಷಾ ಕೇಂದ್ರಕ್ಕೆ ಬಿಟ್ಟು, ಮುಗಿಯುವ ತನಕ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದರು. ಯಾಕೆ ಡ್ಯೂಟಿ ಇಲ್ಲ ಅಂದರೆ "ಲೋಡ್ ಇಲ್ಲವಾ ಈಗ, ಸೀಜನ್ ಡಲ್" ಅಂದಿದ್ದರು. ನಾನು ನಂಬಿದ್ದೆ. ಆಗ ತಿಂಗಳಿಗೆ 38 ಸಾವಿರ ಕಂತು ಇತ್ತು. ಮುಂದಿನ ಪುಟಗಳಲ್ಲಿ ಏಪ್ರಿಲ್ ತಿಂಗಳು ಪೂರ್ತಿ ಅವರು ಮನೆಯಲ್ಲಿ ಮಲಗಿದ್ದು ನಾಲ್ಕೇ ರಾತ್ರಿ. ಆ ಕಂತು ತುಂಬಲು.

2020ರ ಮಾರ್ಚ್ ಕೊನೆಯ ವಾರದಲ್ಲಿ ದೇಶವೆಲ್ಲ ಬಂದ್ ಆದಾಗ ಅವರು ಜೋಳ ತುಂಬಿಕೊಂಡು ಹೊರಗಿದ್ದರು. 'ಡಾಬಾ ಬಂದ್. ಅನ್ನ ನಾನೇ ಮಾಡಿದೆ. ಉಪ್ಪು ಜಾಸ್ತಿ ಆತು.' ವಾಪಸ್ ಬಂದಾಗ ಒಳಗೆ ಬರದೆ ಎಷ್ಟೋ ದಿನ ಕ್ಯಾಬಿನ್ನಿನಲ್ಲೇ ಮಲಗಿದರು. ಊಟದ ತಾಟು ಅವ್ವ ಲಾರಿಯ ಬಾನೆಟ್ ಹತ್ತಿರ ಇಟ್ಟು ಹಿಂದೆ ಸರಿಯುತ್ತಿದ್ದಳು. ಆ ಟ್ರಿಪ್ಪಿಗೆ 'ಮನಿ ಮುಟ್ಟಿದೆ' ಅಂತ ಬರೆದ ತಾರೀಖು, ಗಾಡಿ ತಂದು ನಿಲ್ಲಿಸಿದ ದಿನದ್ದಲ್ಲ. ಹೊಸ್ತಿಲು ದಾಟಿ ಒಳಗೆ ಬಂದ ದಿನದ್ದು.

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾ ಅಂಗಡಿ, ನಿಂತಿದ್ದ ಗಾಡಿಗಳು ಎಲ್ಲ ಮಣ್ಣಿನೊಂದಿಗೆ ಹೋದವು. ಅಪ್ಪ ಅಲ್ಲಿ ಎಷ್ಟೋ ಸಲ ಗಾಡಿ ನಿಲ್ಲಿಸಿ ಚಹಾ ಕುಡಿದವರು. ಅವತ್ತು ಮನೆಯಲ್ಲಿದ್ದರು. ಟಿವಿ ಮುಂದೆ ಕೂತವರು ಏಳಲಿಲ್ಲ. ಕೇರಳದ ಡ್ರೈವರ್ ಒಬ್ಬರು ಲಾರಿ ಸಮೇತ ಕಾಣೆಯಾಗಿದ್ದರು. ದಿನಾ ಬೆಳಗ್ಗೆ ಎದ್ದ ಕೂಡಲೇ "ಸಿಕ್ಕರೇನು?" ಅಂತ ನನ್ನ ಕೇಳುತ್ತಿದ್ದರು. ಗಂಗಾವಳಿ ನದಿಯಲ್ಲಿ ಲಾರಿ, ಅದರೊಳಗೆ ಅವರ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಪ್ಪ ಆಗ ಸೊಲ್ಲಾಪುರದ ದಾರಿಯಲ್ಲಿದ್ದರು. ನಾನೇ ಫೋನು ಮಾಡಿ ಹೇಳಿದೆ. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಪಾಪ, ಮನಿ ಮುಟ್ಟಿದಾ ಬಿಡು" ಅಂದರು. ಆ ಮಾತು ಆಗ ನನಗೆ ಅರ್ಥವಾಗಿರಲಿಲ್ಲ.

ಅಪ್ಪನ ಕೊನೆಯ ಟ್ರಿಪ್ ಡಿಸೆಂಬರಿನಲ್ಲಿ. ಲೋಕಾಪುರದಿಂದ ಸಿಮೆಂಟ್ ತುಂಬಿಕೊಂಡು ಹೋಗಿದ್ದರು. ಬರುವಾಗಲೇ ಎದೆ ಬಿಗಿಯುತ್ತಿತ್ತಂತೆ. ರಾತ್ರಿ ಒಂಬತ್ತಕ್ಕೆ ಬಂದು ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕೈಕಾಲು ತೊಳೆದರು. ಊಟ ಬೇಡ ಅಂದರು. ಹನ್ನೊಂದಕ್ಕೆ ಆಸ್ಪತ್ರೆಗೆ ಒಯ್ದೆವು. ಮೂರನೇ ದಿನ ಹೋದರು. 56 ವಯಸ್ಸು. ಏಳನೇ ಬುಕ್ಕಿನ ಕೊನೆಯ ಪುಟ ತೆಗೆಯುವಾಗ ನನ್ನ ಕೈ ನಡುಗಿತು. ಅಷ್ಟು ನೋವಿನಲ್ಲೂ ಕ್ಯಾಬಿನ್ ಲೈಟ್ ಹಾಕಿಕೊಂಡು ಬರೆದಿದ್ದರು. ತಾರೀಖು, ಕಿಲೋಮೀಟರ್, 'ಮನಿ ಮುಟ್ಟಿದೆ'. ಕೆಳಗೆ ಗೆರೆ. ಗೆರೆ ಮಾತ್ರ ಸೊಟ್ಟ.

ಅವತ್ತು ಅವ್ವನಿಗೆ ಓದಿ ಹೇಳಿದೆ. ಅವಳು ಪುಟದ ಮೇಲೆ ಕೈ ಇಟ್ಟುಕೊಂಡು ಕೂತಳು. ಆಮೇಲೆ "ಗಾಡಿ ಮಾರೂದು ಬ್ಯಾಡ" ಅಂದಳು. ಅಷ್ಟೇ. ಮಾವನಿಗೂ ಅದನ್ನೇ ಹೇಳಿದಳು.

ಉಳಿದದ್ದು ಸರಾಗವಾಗಿ ಆಯಿತು. ನಮ್ಮ ಅಭ್ಯಂತರ ಇಲ್ಲ ಅಂತ ನಾನು, ತಮ್ಮ ಅಫಿಡವಿಟ್ ಕೊಟ್ಟೆವು. ಅವ್ವ ಫಾರಂ 31ಕ್ಕೆ ಸಹಿ ಹಾಕಿದಳು. ಫಾಸ್ಟ್ಯಾಗ್ ಅಪ್ಪನ ನಂಬರಿಗೆ ಇತ್ತು, ಅದನ್ನು ಮುಚ್ಚಿಸಲು ಓಟಿಪಿ ಅವರ ಫೋನಿಗೇ ಬರುತ್ತಿತ್ತು. ಹೋದವರ ಸಿಮ್ ತಕ್ಷಣ ಬಂದ್ ಮಾಡಬೇಡಿ, ಈ ಕೆಲಸವೆಲ್ಲ ಮುಗಿಯುವ ತನಕ ರೀಚಾರ್ಜ್ ಮಾಡಿಸಿಡಿ. ನಾವು ಇವತ್ತಿಗೂ ಮಾಡಿಸುತ್ತಿದ್ದೇವೆ. ಗಾಡಿಗೆ ಎಂಟು ವರ್ಷ ದಾಟಿದೆ, ಹಾಗಾಗಿ ಪ್ರತಿ ವರ್ಷ ಪಾಸಿಂಗ್, ಅಂದರೆ ಗಾಡಿಯ ಫಿಟ್‌ನೆಸ್ ತಪಾಸಣೆ, ಮಾಡಿಸಬೇಕು. ಅದಕ್ಕೆ ಇನ್ನೂ ಸಮಯ ಇತ್ತು. ಅಪ್ಪ ಎಲ್ಲವನ್ನೂ ಅವಧಿಗೆ ಮೊದಲೇ ಮಾಡಿಸಿಟ್ಟಿದ್ದರು.

ಮಾರ್ಚಿನಲ್ಲಿ ಹೊಸ ಆರ್‌ಸಿ ಬಂತು. ಅವ್ವ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. ಮಾಲೀಕರ ಜಾಗದಲ್ಲಿ ಅವಳ ಹೆಸರು. ಅದರ ಕೆಳಗೆ, ಇಂಥವರ ಹೆಂಡತಿ ಅನ್ನುವ ಜಾಗದಲ್ಲಿ, ಅಪ್ಪನ ಹೆಸರು. ಈ ಸಲ ಅಡ್ಡಹೆಸರು, ಅಜ್ಜನ ಹೆಸರು, ಹ್ರಸ್ವ ದೀರ್ಘ ಎಲ್ಲ ಸರಿಯಾಗಿತ್ತು. "ಇಲ್ಲೇ ಅದಾರಲ್ಲ" ಅಂದಳು.

ಓಡಿಸಲು ಹಳೇ ಕ್ಲೀನರ್ ಒಪ್ಪಿಕೊಂಡ. ಮೊದಲ ಲೋಡ್ ಮಹಾಲಿಂಗಪುರದ ಬೆಲ್ಲ, ಅದೇ ಬ್ರೋಕರ್ ಕೊಟ್ಟದ್ದು. ಬೆಳಗಿನ ಜಾವ ಅವ್ವ ಗಾಲಿಗೆ ಲಿಂಬೆಹಣ್ಣು ಇಟ್ಟಳು. ಮೂವತ್ತು ರೊಟ್ಟಿ ಕಟ್ಟಿದಳು. ಅವನು ತಾಡಪತ್ರಿ, ಹಗ್ಗ ನೋಡಿಕೊಂಡು ಕ್ಯಾಬಿನ್ ಹತ್ತಿದ. ನಾನು ಹೊಸ ನೋಟುಬುಕ್ ಕೊಟ್ಟೆ. ಅವ್ವ ಅದನ್ನು ಇಸಿದುಕೊಂಡು, ಒಳಗೆ ಹೋಗಿ ಅಪ್ಪನ ಏಳನೇ ಬುಕ್ ತಂದಳು. ಅದರಲ್ಲಿ ಇನ್ನೂ ಅರ್ಧ ಖಾಲಿ ಇತ್ತು.

ಅವನು ಆ ಸೊಟ್ಟ ಗೆರೆಯನ್ನು ನೋಡಿದ. ಪೆನ್ನು ಹಿಡಿದವನು ಬರೆಯಲಿಲ್ಲ. "ಇದರಾಗ ನಾ ಏನಂತ ಬರೀಲ್ರಿ ಅವ್ವಾರ? ಇದು ನನ್ನ ಮನಿ ಅಲ್ಲಲ್ಲ" ಅಂದ.

"ಗೆರಿ ಕೆಳಗ ಬರಿ" ಅಂದಳು ಅವ್ವ. "ಮನಿ ಬಿಟ್ಟೆ ಅಂತ ಬರಿ. ಬಂದಮ್ಯಾಲೆ ಇನ್ನೊಂದು ಬರಿ."